ಅಪ್‌ಡೇಟ್: ರೋಜನ್ ಮೇಡನ್ ಕಾಲದ ಗೊಂದಲ ಬಗೆಹರಿಯಿತು

ಕೀಲಿ ಸುತ್ತಿದರೆ ಜೀವ ಬರುವ ಗೊಂಬೆಗಳ ಕಥೆಯ ಜಪಾನಿ ಅನಿಮೆ (ಕಾರ್ಟೂನ್ ಸರಣಿ) ರೋಜನ್ ಮೇಡನ್ ಬಗ್ಗೆ ಹೋದ ವಾರ ಇಲ್ಲಿ ಕೇಳಿದ್ದೆ: 2004ರ ಸೀಸನ್‌ನಲ್ಲಿ ಶಾಲೆ ಬಿಟ್ಟು ಕೋಣೆ ಸೇರಿದ್ದ ಹುಡುಗ ಜುನ್, 2013ರ ಸೀಸನ್‌ನಲ್ಲಿ ಕಾಲೇಜಿಗೆ ಹೋಗುತ್ತಾನಲ್ಲ, ನಡುವೆ ಎಷ್ಟು ವರ್ಷ ಕಳೆದಿದೆ?

ಪ್ರಶ್ನೆಯೇ ತಪ್ಪಾಗಿತ್ತು. ಗೊಂಬೆಗೆ ಕೀಲಿ ಸುತ್ತುತ್ತೀಯಾ, ಇಲ್ಲವಾ ಅಂತ ಕೇಳಿದಾಗ 2013ರ ಈ ಜುನ್ 'ಸುತ್ತಲ್ಲ' ಅಂದಿದ್ದ. ಹಾಗಾಗಿ ಅವನದು, ಕೀಲಿ ಸುತ್ತಿದ ಜುನ್‌ನ ಲೋಕಕ್ಕಿಂತ ಬೇರೆಯದೇ ಲೋಕ. ನೀವು ಹೇಳಿದಂತೆ 2013ರದ್ದನ್ನು ಹಳೆಯ ಸೀಸನ್‌ಗಳ ಮುಂದುವರಿಕೆ ಅಂದುಕೊಳ್ಳದೆ, ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಕಥೆಗೆ ಸೇರಿಸಿ ನೋಡಿದೆ. ಎಲ್ಲ ಸರಿಹೋಯಿತು.

ಸುಯ್‌ಗಿಂತೋ ಅನ್ನೋ ಗೊಂಬೆಯ ವಿಷಯವೂ ಅಷ್ಟೇ. ಅವಳಿಗೆ ದೇಹದ ನಡುಭಾಗವೇ ಇಲ್ಲ ಅನ್ನುವುದು ಹಳೆಯ ಅನಿಮೆಯ ಕಲ್ಪನೆ. ಅದರ ಹಿಂದಿನ ಕಥೆ 2006ರ ಎರಡು ಕಂತುಗಳ ವಿಶೇಷದಲ್ಲಿದೆ. ನಿನ್ನೆ ರಾತ್ರಿ ಮತ್ತೆ ನೋಡಿದೆ. ಲಂಡನ್‌ನ ಮನೆಯಲ್ಲಿ ಅವಳಿಗೆ ನಡೆಯಲು ಕಲಿಸಿದವಳು ಇನ್ನೊಂದು ಗೊಂಬೆ ಶಿಂಕುನೇ ಅಲ್ವಾ! ಆ ಕನಿಕರವೇ ಕೊನೆಗೆ ಸುಯ್‌ಗಿಂತೋಗೆ ಅವಮಾನದಂತೆ ಕಾಣುತ್ತದೆ. ಇದು ಗೊತ್ತಾದ ಮೇಲೆ ಮೊದಲ ಸೀಸನ್‌ನ ಅವರ ಜಗಳ ನೋಡುವಾಗ ತುಂಬಾ ಸಂಕಟವಾಯಿತು. ಇಷ್ಟು ದಿನ ಅವಳನ್ನು ಸುಮ್ನೆ ಕೆಟ್ಟವಳು ಅಂದುಕೊಂಡಿದ್ದೆ.

ತಾಳ್ಮೆಯಿಂದ ವಿವರಿಸಿದ ಎಲ್ಲರಿಗೂ ಥ್ಯಾಂಕ್ಸ್. ಈಗ ಮಾಂಗಾ ಮೊದಲಿನಿಂದ ಓದಲು ಶುರುಮಾಡಿದ್ದೇನೆ.