ಉಪ್ಪುನೀರಿನ ಟ್ಯಾಂಕಿಗೆ ಮೈಲುತುತ್ತ ಹಾಕಬಹುದಾ? ಮಳೆಗಾಲದ ಬಿಳಿಚುಕ್ಕೆ ಬಗ್ಗೆ

ಮಂಜಿನೂರು (ಮಡಿಕೇರಿ):
ಎಲ್ಲರಿಗೂ ನಮಸ್ಕಾರ. ನನ್ನದು 200 ಲೀಟರಿನ ಉಪ್ಪುನೀರಿನ ಟ್ಯಾಂಕ್. ಎರಡು ಕ್ಲೌನ್ ಮೀನು, ಒಂದು ಚಿಕ್ಕ ನೀಲಿ ಟ್ಯಾಂಗ್ ಮೀನು, ಒಂದು ಕ್ಲೀನರ್ ಸೀಗಡಿ, ಲೈವ್ ರಾಕ್ (ಜೀವಾಣು ತುಂಬಿದ ಕಡಲ ಕಲ್ಲು), ಸ್ವಲ್ಪ ಹವಳ ಇವೆ. ಹೋದ ವಾರ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಬರುವಷ್ಟರಲ್ಲಿ ನೀರು 19 ಡಿಗ್ರಿಗೆ ಇಳಿದಿತ್ತು. ಈಗ ಟ್ಯಾಂಗಿನ ಮೈಮೇಲೆ ಪುಡಿಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜುತ್ತಿದೆ. ಊಟ ಮಾತ್ರ ಬಿಟ್ಟಿಲ್ಲ.

ಅಂಗಡಿಯವರು ಬೆಳ್ಳುಳ್ಳಿ ಕೊಡಿ ಅಂದರು. ಅಮ್ಮ ಅರಿಶಿನ ಹಾಕು ಅನ್ನುತ್ತಾರೆ. ಅಪ್ಪ ಗೋಡೌನಿನ ಮೈಲುತುತ್ತ (ತಾಮ್ರದ ಸಲ್ಫೇಟ್) ತೋರಿಸಿ, "ಮೀನಿನ ಔಷಧಿಯಲ್ಲೂ ತಾಮ್ರವೇ ಅಲ್ವಾ, ಒಂದು ಚಿಟಿಕೆ ಹಾಕಿಬಿಡು" ಅಂತಿದ್ದಾರೆ. ಕೆಮಿಕಲ್ ಇಲ್ಲದೆ ವಾಸಿ ಮಾಡೋ ದಾರಿ ಇದೆಯಾ?

ತೋಟದಮನೆ (ವಿರಾಜಪೇಟೆ ಕಡೆ):
ಮೊದಲು ಆ ಮೈಲುತುತ್ತದ ಡಬ್ಬಿಯನ್ನು ವಾಪಸ್ ಗೋಡೌನಿಗೆ ಕಳಿಸಿ.

ನಿಮ್ಮ ಅಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ. ಈ ರೋಗದ ಪರೋಪಜೀವಿ ಕ್ರಿಪ್ಟೋಕ್ಯಾರಿಯಾನ್ ತಾಮ್ರಕ್ಕೆ ಸಾಯುತ್ತದೆ. ಆದರೆ ಲೆಕ್ಕ ನೋಡಿ. ಕಾಫಿಗೆ ಹೊಡೆಯೋ ಶೇಕಡಾ 1ರ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ. ಅದರ ಕಾಲು ಭಾಗ ತಾಮ್ರ. ಅಂದರೆ ಲೀಟರಿಗೆ ಸುಮಾರು 2,500 ಮಿಲಿಗ್ರಾಂ. ಮೀನಿಗೆ ಬೇಕಾಗಿರೋದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಅದಕ್ಕಿಂತ ಕಮ್ಮಿಯಾದರೆ ರೋಗ ಹೋಗಲ್ಲ, ಜಾಸ್ತಿಯಾದರೆ ಮೀನೇ ಹೋಗುತ್ತದೆ. ಇದನ್ನು ಚಿಟಿಕೆಯಲ್ಲಿ ಅಳೆಯೋಕೆ ಆಗುತ್ತಾ? ಟೆಸ್ಟ್ ಕಿಟ್ ಇಲ್ಲದೆ ತಾಮ್ರ ಮುಟ್ಟಲೇಬಾರದು. ಅದೂ ಬೇರೆ ಟ್ಯಾಂಕಿನಲ್ಲಿ ಮಾತ್ರ. ನಿಮ್ಮ ಸೀಗಡಿ, ಹವಳ ಎರಡೂ ತಾಮ್ರಕ್ಕೆ ತಡೆಯಲ್ಲ. ಲೈವ್ ರಾಕ್ ತಾಮ್ರವನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತಾ ಇರುತ್ತದೆ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಸ್ಪ್ರೇ ಡ್ರಮ್ಮಿನಲ್ಲಿ, ಆ ಬಕೆಟಿನಲ್ಲಿ ಉಪ್ಪುನೀರು ಕಲಸಬೇಡಿ, ಎಷ್ಟೇ ತೊಳೆದಿದ್ದರೂ. ಮೆಣಸಿನ ಬಳ್ಳಿಗೆ ಔಷಧಿ ಹೊಡೆದು ಬಂದ ಕೈಯನ್ನು ಟ್ಯಾಂಕಿಗೆ ಹಾಕಬೇಡಿ. ಸ್ಪ್ರೇ ನಡೆಯೋ ದಿನಗಳಲ್ಲಿ ಹಂಚಿನಿಂದ ಇಳಿದ ಮಳೆನೀರೂ ಬೇಡ.

ಬೆಳ್ಳುಳ್ಳಿ ಕೊಡಿ, ತೊಂದರೆ ಇಲ್ಲ. ಊಟ ಬಿಟ್ಟ ಮೀನು ಅದರ ವಾಸನೆಗೆ ಕೆಲವು ಸಲ ಬಾಯಿ ಹಾಕುತ್ತದೆ. ರೋಗ ಹೋಗುತ್ತದೆ ಅನ್ನೋದು ಬರೀ ಮಾತು. ಅರಿಶಿನ ನೀರು ಕೆಡಿಸುತ್ತದೆ ಅಷ್ಟೇ. ಬೇವಿನೆಣ್ಣೆ ಅಂತೂ ಸೀಗಡಿಗೆ ವಿಷ. ಕಕ್ಕಡ (ಆಟಿ) ತಿಂಗಳ 18ಕ್ಕೆ ಮದ್ದುಸೊಪ್ಪು ನಾವು ತಿನ್ನೋಣ, ಮೀನಿಗೆ ಬೇಡ. ಕ್ಲೀನರ್ ಸೀಗಡಿಯನ್ನೂ ನಂಬಿ ಕೂರಬೇಡಿ. ಈ ಪರೋಪಜೀವಿ ಮೀನಿನ ಮೇಲ್ಚರ್ಮದ ಒಳಗೆ ಅವಿತಿರುತ್ತದೆ, ಸೀಗಡಿಯ ಚಿಮಟಕ್ಕೆ ಸುಲಭಕ್ಕೆ ಸಿಗಲ್ಲ.

ಹಾಗಾದರೆ ಔಷಧಿ ಇಲ್ಲದೆ ಏನು ಮಾಡೋದು? ಅದರ ದಿನಚರಿ ತಿಳಿದುಕೊಂಡರೆ ಸಾಕು. ಮೀನಿನ ಮೈಮೇಲೆ 3ರಿಂದ 7 ದಿನ ಇರುತ್ತದೆ. ಆಮೇಲೆ ಉದುರಿ ಮರಳಿಗೋ ಗಾಜಿಗೋ ಅಂಟಿ ಗೂಡು ಕಟ್ಟಿಕೊಳ್ಳುತ್ತದೆ. ಚುಕ್ಕೆ ಮಾಯವಾದಾಗ ವಾಸಿಯಾಯಿತು ಅಂತ ಎಲ್ಲರೂ ಖುಷಿಪಡೋದು ಆಗಲೇ. ಬೆಳ್ಳುಳ್ಳಿಗೆ ಹೆಸರು ಬಂದದ್ದೂ ಹೀಗೇ ಇರಬೇಕು. ಗೂಡಿನೊಳಗೆ ಒಂದು ನೂರಾರು ಆಗುತ್ತದೆ. ಮರಿಗಳು ಹೊರಗೆ ಬರೋಕೆ ಕಡಿಮೆ ಅಂದರೂ ಮೂರು ದಿನ ಬೇಕು.

ಆ ಮೂರು ದಿನವೇ ನಮಗೆ ಸಿಗೋ ಸಂದು. ಎರಡು ಹೊಸ ಪ್ಲಾಸ್ಟಿಕ್ ಟಬ್ ತನ್ನಿ. ಒಳಗೆ ಗಾಳಿಗುಳ್ಳೆ ಬಿಡೋ ಏರ್‌ಸ್ಟೋನ್, ಹೀಟರ್, ಮೀನು ಅಡಗೋಕೆ ಪಿವಿಸಿ ಪೈಪಿನ ತುಂಡು. ಮರಳು, ಕಲ್ಲು ಬೇಡ. 72 ಗಂಟೆ ದಾಟುವ ಮುಂಚೆ ಮೀನನ್ನು ಎತ್ತಿ ಹೊಸ ನೀರಿರೋ ಇನ್ನೊಂದು ಟಬ್ಬಿಗೆ ಬಿಡಿ. ಹಳೇ ನೀರು ಆದಷ್ಟು ಜೊತೆಗೆ ಹೋಗಬಾರದು. ಹೊಸ ನೀರಿನ ಉಷ್ಣತೆ, ಉಪ್ಪು ಎರಡೂ ಹಳೆಯದಕ್ಕೆ ಸಮ ಇರಲಿ. ಉದುರಿದ ಗೂಡೆಲ್ಲ ಹಳೇ ಟಬ್ಬಿನ ಜೊತೆ ಹಿಂದೆ ಉಳಿಯುತ್ತದೆ. ಹೀಗೆ ನಾಲ್ಕು ಸಲ ಬದಲಾಯಿಸಿದರೆ 12 ದಿನಕ್ಕೆ ಮೀನು ಶುದ್ಧ.

ಒಂದೇ ಕಷ್ಟ. ಟಬ್, ಪೈಪು, ಬಲೆ ಎಲ್ಲ ಮುಂದಿನ ಸರದಿಗೆ ಪೂರ್ತಿ ಒಣಗಿರಬೇಕು. ಇಂಗ್ಲಿಷ್ ವಿಡಿಯೋದವರು "ಬಿಸಿಲಿಗೆ ಇಡಿ" ಅಂತ ಹೇಳಿ ಮುಗಿಸುತ್ತಾರೆ. ಜುಲೈನಲ್ಲಿ ನಮ್ಮಲ್ಲಿ ಹಾಕಿಕೊಳ್ಳೋ ಬನಿಯನ್ನೇ ಒಣಗಲ್ಲ! ನಾನು ಬಿಸಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಚ್ಚಲು ಒಲೆ ಪಕ್ಕದ ಗೋಡೆಗೆ ಬೋರಲು ಹಾಕುತ್ತೇನೆ. ಏರ್‌ಸ್ಟೋನ್ ಒಳಗಿನ ತೇವ ಮಾತ್ರ ಹೋಗಲ್ಲ, ಹಾಗಾಗಿ ಪ್ರತಿ ಸಲ ಹೊಸದು. ಅದಕ್ಕೇನು ಮಹಾ ಖರ್ಚಿಲ್ಲ. ಟಬ್ಬಿನ ಅಂಚಿನ ಕೆಳಗಿನ ಮಡಿಕೆಯಲ್ಲಿ ನೀರು ನಿಂತಿರುತ್ತದೆ, ಬೆರಳು ಹಾಕಿ ನೋಡಿ.

ಕ್ಲೌನ್‌ಗಳನ್ನೂ ಹಿಡಿಯಿರಿ, ಚುಕ್ಕೆ ಕಾಣದಿದ್ದರೂ. ದೊಡ್ಡ ಟ್ಯಾಂಕಿನಲ್ಲಿ ಒಂದೂ ಮೀನು ಇರಬಾರದು. ಸೀಗಡಿ, ಹವಳ ಅಲ್ಲೇ ಇರಲಿ. 76 ದಿನ ಹಾಗೇ ಬಿಡಿ. ಗೂಡಿನಿಂದ 72ನೇ ದಿನಕ್ಕೂ ಮರಿ ಹೊರಬಂದದ್ದು ದಾಖಲಾಗಿದೆ. ಹೊರಬಂದ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತದೆ. ನೀರು ತಣ್ಣಗಿದ್ದಷ್ಟೂ ಗೂಡು ಒಡೆಯೋದು ತಡ. ಹಾಗಾಗಿ ಮಡಿಕೇರಿ ಚಳಿಯಲ್ಲಿ ಹೀಟರ್ ಇಲ್ಲದೆ ದಿನ ಎಣಿಸಬೇಡಿ. 26 ಡಿಗ್ರಿ ಇರಲಿ.

ಹೇಮಾವತಿ ದಡ:
ಟಬ್ ಬದಲಾಯಿಸೋ ಗಲಾಟೆ ಯಾಕೆ? ಉಪ್ಪು ಇಳಿಸಿದರೆ ಆಗಲ್ವಾ? ನಾನು ಬೇರೆ ಟ್ಯಾಂಕಿನಲ್ಲಿ ಸಾಂದ್ರತೆಯನ್ನು 1.009ಕ್ಕೆ ಇಳಿಸಿ ನಾಲ್ಕು ವಾರ ಇಟ್ಟಿದ್ದೆ, ಸರಿ ಹೋಯಿತು.

ತೋಟದಮನೆ:
ಆಗುತ್ತದೆ. ಮೀನು ತಡೆಯುತ್ತದೆ, ಪರೋಪಜೀವಿ ತಡೆಯಲ್ಲ. ಆದರೆ 1.012 ಆದರೂ ಪ್ರಯೋಜನ ಇಲ್ಲ, ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ಸರಿ ಇರಲೇಬೇಕು. ತೇಲೋ ಹೈಡ್ರೋಮೀಟರನ್ನು ನಾನು ನಂಬಲ್ಲ. ಸಿಹಿನೀರು ಜಾಸ್ತಿಯಾದಾಗ ಪಿಎಚ್ ಬೀಳುತ್ತದೆ, ಅದನ್ನು ದಿನಾ ನೋಡಬೇಕು. ಅಮೋನಿಯಾ ಬೇರೆ. ಉಪ್ಪು ವಾಪಸ್ ಏರಿಸೋದು ಕೆಲವು ದಿನ ಹಿಡಿದು ನಿಧಾನಕ್ಕೆ. ತಾಳ್ಮೆ ಇದ್ದರೆ ಮಾಡಿ.

ವೆಲ್ವೆಟ್ ಅನ್ನೋ ಇನ್ನೊಂದು ಪರೋಪಜೀವಿ ರೋಗ ಆಗಿದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ. ಅದು ಕಡಿಮೆ ಉಪ್ಪಿಗೆ ಜಗ್ಗಲ್ಲ. ಮಂಜಿನೂರು ಅವರೇ, ರಾತ್ರಿ ಲೈಟ್ ಆರಿಸಿ ಪಕ್ಕದಿಂದ ಟಾರ್ಚ್ ಬಿಡಿ. ಎಣಿಸೋಕೆ ಬರೋ ಚುಕ್ಕೆ ಇದ್ದರೆ ಬಿಳಿಚುಕ್ಕೆ ರೋಗ. ಎಣಿಸೋಕೆ ಆಗದಷ್ಟು ನುಣ್ಣನೆ ಧೂಳು, ಏದುಸಿರು, ಪಂಪಿನ ನೀರಿಗೆ ಮುಖ ಕೊಟ್ಟು ನಿಲ್ಲೋದು ಕಂಡರೆ ವೆಲ್ವೆಟ್. ಅದು ಎರಡು ಮೂರು ದಿನದಲ್ಲೇ ಟ್ಯಾಂಕ್ ಖಾಲಿ ಮಾಡುತ್ತದೆ. ಆಗ ಕೆಮಿಕಲ್ ಬೇಡ ಅಂತ ಹಟ ಹಿಡಿಯಬೇಡಿ, ಅಳತೆ ನೋಡಿ ತಾಮ್ರದ ಔಷಧಿಯೇ ಕೊಡಿ.

ಕಡಲಕರೆ (ಮಂಗಳೂರು):
ಟಬ್ಬಿಗೆ ಅಷ್ಟು ನೀರು ಬೇಕು ಅಂತ ಈಗ ಘಟ್ಟ ಇಳಿದು ಕ್ಯಾನ್ ಹಿಡಿದು ಬರಬೇಡಿ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಕಡಲಿಗೆ ಸೇರಿ ದಡದ ಹತ್ತಿರ ಉಪ್ಪೇ ಇರಲ್ಲ. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಕಲಸಿ. ಅಡುಗೆ ಕಲ್ಲುಪ್ಪು ನಡೆಯಲ್ಲ.

ಮಂಜಿನೂರು:
ಟಾರ್ಚ್ ಬಿಟ್ಟು ನೋಡಿದೆ. ಎಣಿಸೋಕೆ ಆಗುತ್ತದೆ, ಹೆಚ್ಚಿನವು ರೆಕ್ಕೆ ಮೇಲೆ. ಟಬ್ ದಾರಿಯೇ ಸರಿ ಅನ್ನಿಸುತ್ತದೆ. ಮತ್ತೆ ಕರೆಂಟ್ ಹೋದರೆ? ಇನ್ವರ್ಟರ್ ಹೀಟರನ್ನು ಎಷ್ಟು ಹೊತ್ತು ಎಳೆಯುತ್ತೋ.

ತೋಟದಮನೆ:
ಹೀಟರನ್ನು ಇನ್ವರ್ಟರಿಗೆ ಹಾಕಬೇಡಿ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಅದಕ್ಕೆ ಏರ್‌ಪಂಪ್ ಮಾತ್ರ ಇರಲಿ. ಟಬ್ಬಿನ ಸುತ್ತ ಥರ್ಮಾಕೋಲ್ ಕಟ್ಟಿ, ಮೇಲೆ ಹಳೇ ಕಂಬಳಿ ಹೊದಿಸಿ, ಗಾಳಿ ಆಡೋಕೆ ಒಂದು ಮೂಲೆ ಬಿಡಿ. ಬಿಸಿನೀರನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ ತೇಲಿಬಿಟ್ಟು, ತಣ್ಣಗಾದಾಗ ಬದಲಾಯಿಸಿ. ಟ್ಯಾಂಗ್ ಹಾರುತ್ತದೆ, ಮೇಲೆ ಬಲೆ ಕಟ್ಟೋದು ಮರೀಬೇಡಿ.