ಬಿ.ಕಾಂ. ನಂತರದ ಮೊದಲ ರೆಸ್ಯೂಮೆ: ಮಾವನ ಅಂಗಡಿಯ ಲೆಕ್ಕ ನೋಡಿದ್ದನ್ನು ಅನುಭವವೆಂದು ಬರೆಯಬಹುದೇ?

ಪ್ರಶ್ನೆ (ತಿಪಟೂರಿನ ಪದವೀಧರೆ)

ಎಲ್ಲರಿಗೂ ನಮಸ್ಕಾರ. ನಾನು 2025ರಲ್ಲಿ ಬಿ.ಕಾಂ. ಮುಗಿಸಿದ್ದೇನೆ. ತುಮಕೂರು ಹಾಗೂ ಬೆಂಗಳೂರಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗಳಿಗೆ ಹಲವು ತಿಂಗಳಿಂದ ಅರ್ಜಿ ಹಾಕುತ್ತಿದ್ದರೂ ಸಂದರ್ಶನಕ್ಕೆ ಕರೆ ಬರುತ್ತಿಲ್ಲ. ನನ್ನ ರೆಸ್ಯೂಮೆಯನ್ನು ಸೈಬರ್ ಸೆಂಟರ್‌ನವರು ತಮ್ಮಲ್ಲಿದ್ದ ಮಾದರಿಯಲ್ಲಿ ಎರಡು ಪುಟಕ್ಕೆ ಮಾಡಿಕೊಟ್ಟಿದ್ದಾರೆ. ಮೊದಲಿಗೆ ಕೆರಿಯರ್ ಆಬ್ಜೆಕ್ಟಿವ್, ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಅಂಕಗಳು, 'ಟ್ಯಾಲಿ, ಎಂ.ಎಸ್. ಆಫೀಸ್ ಜ್ಞಾನವಿದೆ' ಎಂಬ ಸಾಲು (ಟ್ಯಾಲಿ ಎಂದರೆ ಲೆಕ್ಕಪತ್ರ ತಂತ್ರಾಂಶ), ಹವ್ಯಾಸಗಳು, ತಂದೆಯ ಹೆಸರು, ಜನ್ಮದಿನಾಂಕ, ಆಧಾರ್ ಸಂಖ್ಯೆ, ಕೊನೆಗೆ ಘೋಷಣೆ ಮತ್ತು ಸಹಿ ಇವೆ.

ಪದವಿಯ ಎರಡನೇ ವರ್ಷದಿಂದಲೂ ನನ್ನ ಸೋದರಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ನಮೂದಿಸುವುದು, ಉದ್ರಿ ಬಾಕಿಯ ಪಟ್ಟಿ ಮಾಡುವುದು ಮುಂತಾದ ಕೆಲಸಗಳನ್ನು ಮಾಡುತ್ತಿದ್ದೇನೆ. ಸಂಬಳವಿಲ್ಲದ ಮನೆಯವರ ಕೆಲಸವೆಂದು ಅದನ್ನು ರೆಸ್ಯೂಮೆಯಲ್ಲಿ ಸೇರಿಸಿಲ್ಲ. ಅದನ್ನು ಅನುಭವವೆಂದು ಬರೆದರೆ ತಪ್ಪಾಗುತ್ತದೆಯೇ? ಬೇರೆ ಏನನ್ನು ಬದಲಾಯಿಸಬೇಕು? ದಯವಿಟ್ಟು ತಿಳಿಸಿ.

ಉತ್ತರ 1 (ಪೀಣ್ಯದ ತಯಾರಿಕಾ ಘಟಕವೊಂದರ ಲೆಕ್ಕಪತ್ರ ವಿಭಾಗ)

ಅಂಗಡಿಯ ಕೆಲಸವನ್ನು ಖಂಡಿತವಾಗಿ ಬರೆಯಿರಿ. ಅದೇ ನಿಮ್ಮ ರೆಸ್ಯೂಮೆಯ ಜೀವ, ಆದರೆ ಸದ್ಯಕ್ಕೆ ಅದೊಂದೇ ಅದರಲ್ಲಿಲ್ಲ. ನಮ್ಮಲ್ಲಿ ಒಂದು ಹುದ್ದೆ ಖಾಲಿಯಾದರೆ ಬರುವ ಅರ್ಜಿಗಳಲ್ಲಿ ಬಹುಪಾಲು ನೀವು ವಿವರಿಸಿದ ಮಾದರಿಯಲ್ಲೇ ಇರುತ್ತವೆ. ಎಲ್ಲರಿಗೂ ಟ್ಯಾಲಿ ಜ್ಞಾನವಿರುತ್ತದೆ, ಎಲ್ಲರೂ ಪರಿಶ್ರಮಿಗಳಾಗಿರುತ್ತಾರೆ. ಹಾಗಾಗಿ ಆ ಮಾತುಗಳಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ನೋಡುವುದು ನಮಗೆ ಸಾಧ್ಯವಾಗುವುದಿಲ್ಲ. ನಾವು ಹುಡುಕುವುದು ನಿಜವಾದ ಬಿಲ್ಲನ್ನು ಕೈಯಲ್ಲಿ ಹಿಡಿದು ನಮೂದಿಸಿದವರನ್ನು.

'ಟ್ಯಾಲಿ ಜ್ಞಾನವಿದೆ' ಎಂಬ ಸಾಲನ್ನು ತೆಗೆದು, ಟ್ಯಾಲಿ ಪ್ರೈಮ್‌ನಲ್ಲಿ ಯಾವ ಯಾವ ವೋಚರ್ (ವ್ಯವಹಾರದ ನಮೂದು) ಹಾಕಿದ್ದೀರಿ, ತಿಂಗಳಿಗೆ ಸುಮಾರು ಎಷ್ಟು ಖರೀದಿ ಮತ್ತು ಮಾರಾಟ ಬಿಲ್‌ಗಳನ್ನು ನಮೂದಿಸಿದ್ದೀರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜತೆ ತಾಳೆ ನೋಡಿದ್ದೀರೋ ಇಲ್ಲವೋ ಎಂಬುದನ್ನು ಬರೆಯಿರಿ. ಹಾರ್ಡ್‌ವೇರ್ ಅಂಗಡಿ ಎಂದಿರಿ, ಅಲ್ಲಿ ಸಿಮೆಂಟ್ ಮಾರುತ್ತಿದ್ದರೆ ಇನ್ನೊಂದು ಮುಖ್ಯ ವಿಷಯವಿದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಆ ದಿನ ಟ್ಯಾಲಿಯಲ್ಲಿ ಸ್ಟಾಕ್ ಐಟಂನ ತೆರಿಗೆ ದರವನ್ನು ಬದಲಾಯಿಸಿದವರು ನೀವೇ ಆಗಿದ್ದರೆ, ಅದು ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲದ ಸಾಲು.

ಇನ್ನು ತೆಗೆಯಬೇಕಾದವು. ಕೆರಿಯರ್ ಆಬ್ಜೆಕ್ಟಿವ್, ಹವ್ಯಾಸ, ತಂದೆಯ ಹೆಸರು ಯಾವುದೂ ಬೇಡ. ಎಲ್ಲವೂ ಒಂದೇ ಪುಟದಲ್ಲಿರಲಿ. ಮೇಲ್ಭಾಗದಲ್ಲಿ ಹೆಸರು, ಮೊಬೈಲ್, ಇಮೇಲ್, ಊರು, 'ಬೆಂಗಳೂರಿಗೆ ಬಂದು ತಕ್ಷಣ ಸೇರಬಲ್ಲೆ' ಎಂಬ ಒಂದು ಮಾತು, ಅದರ ಕೆಳಗೆ ನೇರವಾಗಿ ಕೆಲಸದ ಅನುಭವ, ಆನಂತರ ವಿದ್ಯಾರ್ಹತೆ. ಕೋಷ್ಟಕ, ಬಣ್ಣದ ಪಟ್ಟಿ, ಚಿತ್ರಗಳಿರುವ ಮಾದರಿಗಳನ್ನು ಉದ್ಯೋಗ ತಾಣಗಳ ತಂತ್ರಾಂಶಗಳು ಕೆಲವೊಮ್ಮೆ ಸರಿಯಾಗಿ ಓದುವುದಿಲ್ಲ. ಸಾದಾ ಅಕ್ಷರಗಳಲ್ಲಿ ಮಾಡಿದ ಪಿಡಿಎಫ್ ಸಾಕು, ಕಡತಕ್ಕೆ ನಿಮ್ಮ ಹೆಸರನ್ನೇ ಇಡಿ.

ಉತ್ತರ 2 (ತುಮಕೂರಿನ ಆಡಿಟ್ ಕಚೇರಿಯ ಉದ್ಯೋಗಿ)

ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಅಂಗಡಿಯ ರಿಟರ್ನ್‌ಗಳನ್ನು ಸಲ್ಲಿಸುವವರು ಸಾಮಾನ್ಯವಾಗಿ ತೆರಿಗೆ ಸಲಹೆಗಾರರು. ನೀವು ಪೋರ್ಟಲ್‌ಗೆ ಲಾಗಿನ್ ಆಗಿ ಸಲ್ಲಿಸದಿದ್ದರೆ 'ಜಿಎಸ್‌ಟಿ ರಿಟರ್ನ್ ಸಲ್ಲಿಸಿದ್ದೇನೆ' ಎಂದು ಬರೆಯಬೇಡಿ, 'ರಿಟರ್ನ್‌ಗೆ ಬೇಕಾದ ಖರೀದಿ, ಮಾರಾಟದ ವಿವರವನ್ನು ಸಿದ್ಧಪಡಿಸಿ ಸಲಹೆಗಾರರಿಗೆ ಕೊಡುತ್ತಿದ್ದೆ' ಎಂದು ಬರೆಯಿರಿ. ಇದರಿಂದ ನಿಮ್ಮ ತೂಕ ಕಡಿಮೆಯಾಗುವುದಿಲ್ಲ. ಬರೆದದ್ದರ ಮೇಲೆಯೇ ಪ್ರಶ್ನೆಗಳು ಬರುವುದರಿಂದ, ಉತ್ತರಿಸಬಲ್ಲಷ್ಟನ್ನೇ ಬರೆಯುವುದು ಕ್ಷೇಮ.

ನಮ್ಮ ಕಚೇರಿಯಲ್ಲಿ ಹೊಸಬರನ್ನು ಕೇಳುವ ಒಂದು ಪ್ರಶ್ನೆಯನ್ನೇ ಹೇಳುತ್ತೇನೆ. ಖರೀದಿ ರಿಜಿಸ್ಟರಿನಲ್ಲಿ ಒಂದು ಬಿಲ್ ಇದೆ, ಆದರೆ ಆ ತಿಂಗಳ ಜಿಎಸ್‌ಟಿಆರ್-2ಬಿಯಲ್ಲಿ (ಪೂರೈಕೆದಾರರು ಸಲ್ಲಿಸಿದ ಬಿಲ್‌ಗಳಿಂದ ಪೋರ್ಟಲ್ ತಾನಾಗಿ ಸಿದ್ಧಪಡಿಸುವ ಖರೀದಿ ಪಟ್ಟಿ) ಅದು ಕಾಣಿಸುತ್ತಿಲ್ಲ. ಏನು ಮಾಡುತ್ತೀರಿ? ಉತ್ತರ ಹೇಳುವವರು ಮೊದಲು ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆಗಳಲ್ಲಿ ತಪ್ಪಿದೆಯೇ ಎಂದು ನೋಡುತ್ತೇನೆ ಎನ್ನಬೇಕು. ಪ್ರತಿ ತಿಂಗಳು ರಿಟರ್ನ್ ಕೊಡುವ ಪೂರೈಕೆದಾರರು ಮುಂದಿನ ತಿಂಗಳ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್) ಸಲ್ಲಿಸಿದರೆ ಮಾತ್ರ 14ರಂದು ಸಿದ್ಧವಾಗುವ ಆ ತಿಂಗಳ 2ಬಿಯಲ್ಲಿ ಬಿಲ್ ಬರುತ್ತದೆ, ತಡಮಾಡಿದರೆ ಮುಂದಿನದರಲ್ಲಿ ಬರುತ್ತದೆ. ಪೂರೈಕೆದಾರರು ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವ ಸಣ್ಣ ವ್ಯಾಪಾರಿಗಳಾಗಿದ್ದು ನಡುವಿನ ತಿಂಗಳುಗಳಲ್ಲಿ ಬಿಲ್ ಅಪ್‌ಲೋಡ್ ಮಾಡದಿದ್ದರೆ, ಆ ತ್ರೈಮಾಸಿಕ ಮುಗಿಯುವವರೆಗೂ ಬಿಲ್ ಕಾಣಿಸದೆ ಇರಬಹುದು. ಅಲ್ಲಿಯವರೆಗೆ ಅದರ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ತೆಗೆದುಕೊಳ್ಳುವಂತಿಲ್ಲ. ಮಾವನ ಅಂಗಡಿಯ ಒಂದು ತಿಂಗಳ 2ಬಿಯನ್ನು ಅವರ ಅನುಮತಿ ಪಡೆದು ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ವಿ-ಲುಕಪ್ (ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕುವ ಸೂತ್ರ) ಹಾಕಿ ಖರೀದಿ ರಿಜಿಸ್ಟರಿನೊಂದಿಗೆ ತಾಳೆ ನೋಡಿ. ಅದನ್ನು ಸ್ವಂತ ಕೈಯಿಂದ ಮಾಡಿದ ಮೇಲೆ ರೆಸ್ಯೂಮೆಗೆ ಸೇರಿಸಿದರೆ, ಸಂದರ್ಶನದಲ್ಲಿ ನಿಮ್ಮ ಧ್ವನಿಯೇ ಬೇರೆಯಾಗಿರುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಿಮೆಂಟಿನ ದರವನ್ನು ಟ್ಯಾಲಿಯಲ್ಲಿ ಬದಲಾಯಿಸಿದ್ದು ನಾನೇ. ಹೊಸದಾಗಿ ಹೀಗೆ ಬರೆದಿದ್ದೇನೆ:

'ಹಾರ್ಡ್‌ವೇರ್ ಮತ್ತು ಸಿಮೆಂಟ್ ಚಿಲ್ಲರೆ ಮಾರಾಟ ಮಳಿಗೆ, ತಿಪಟೂರು. ಲೆಕ್ಕಪತ್ರ ಸಹಾಯಕಿ (ಅರೆಕಾಲಿಕ, ಕುಟುಂಬದ ವ್ಯವಹಾರ), 2023ರಿಂದ. ತಿಂಗಳಿಗೆ ಸುಮಾರು 60 ಖರೀದಿ ಬಿಲ್‌ಗಳನ್ನು ಟ್ಯಾಲಿ ಪ್ರೈಮ್‌ನಲ್ಲಿ ನಮೂದಿಸುವುದು. ಉದ್ರಿ ಗಿರಾಕಿಗಳ ಬಾಕಿಯನ್ನು 30, 60, 90 ದಿನಗಳೆಂದು ವಿಂಗಡಿಸಿ ವಸೂಲಿಗೆ ಪಟ್ಟಿ ಕೊಡುವುದು. ಸೆಪ್ಟೆಂಬರ್ 2025ರ ಜಿಎಸ್‌ಟಿ ದರ ಬದಲಾವಣೆಯನ್ನು ಸ್ಟಾಕ್ ಐಟಂಗಳಲ್ಲಿ ಅಳವಡಿಸಿದ್ದು.'

ಬಂಧುಗಳ ಅಂಗಡಿಯೆಂದು ತಿಳಿದರೆ ನಂಬುತ್ತಾರೆಯೇ? ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಬರೆಯಲು ಬರುತ್ತದೆ, ಮಾತನಾಡುವಾಗ ತಡವರಿಸುತ್ತೇನೆ. ಇದನ್ನು ಹೇಗೆ ನಮೂದಿಸಲಿ?

ಉತ್ತರ 3 (ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಉದ್ಯೋಗ ಮಾರ್ಗದರ್ಶನ ಘಟಕ)

'ಕುಟುಂಬದ ವ್ಯವಹಾರ' ಎಂದು ನೀವೇ ಮುಂಚಿತವಾಗಿ ಬರೆದಿರುವುದು ಬಹಳ ಒಳ್ಳೆಯದು. ಅದನ್ನು ಮರೆಮಾಚಿ ಆಮೇಲೆ ತಿಳಿದಾಗ ಮಾತ್ರ ಅನುಮಾನ ಹುಟ್ಟುತ್ತದೆ. ಜಿಎಸ್‌ಟಿ ಸಂಖ್ಯೆ ಮುದ್ರಿತವಾಗಿರುವ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ, ನೀವು ಮಾಡಿದ ಕೆಲಸ ಮತ್ತು ಅವಧಿಯನ್ನಷ್ಟೇ ಹೇಳುವ ನಾಲ್ಕು ಸಾಲಿನ ಪತ್ರವನ್ನು ಮಾವನವರಿಂದ ಪಡೆಯಿರಿ. ಅಂಗಡಿಯ ವಹಿವಾಟಿನ ಮೊತ್ತವನ್ನು ಎಲ್ಲಿಯೂ ಬರೆಯಬೇಡಿ. ಬೇರೆಯವರ ಲೆಕ್ಕದ ಗುಟ್ಟನ್ನು ಕಾಯುವವಳು ಎಂಬುದು ಈ ವೃತ್ತಿಯಲ್ಲಿ ದೊಡ್ಡ ಅರ್ಹತೆ.

ಭಾಷೆಯ ವಿಷಯದಲ್ಲಿ 'ಕನ್ನಡ: ಓದು, ಬರಹ, ಮಾತು, ಇಂಗ್ಲಿಷ್: ಓದು, ಬರಹ' ಎಂದು ಇದ್ದದ್ದನ್ನು ಇದ್ದಹಾಗೆ ಬರೆಯಿರಿ. ಲಾರಿ ಆಫೀಸಿನವರಿಗೆ, ಸಣ್ಣ ಪೂರೈಕೆದಾರರಿಗೆ ಫೋನ್ ಮಾಡಿ ಬಿಲ್ ತರಿಸಿಕೊಳ್ಳುವ ಕೆಲಸ ಕನ್ನಡದಲ್ಲೇ ನಡೆಯುವ ಎಷ್ಟೋ ಕಚೇರಿಗಳಿವೆ, ಆದ್ದರಿಂದ ಕನ್ನಡವನ್ನು ಕೊನೆಯ ಮೂಲೆಗೆ ತಳ್ಳಬೇಡಿ. ನಿಮ್ಮ ಅನುಭವದ ಮೂರು ಸಾಲುಗಳನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಸಂದರ್ಶನದ ಮೊದಲ ಪ್ರಶ್ನೆಗೆ ಅದೇ ಉತ್ತರವಾಗುತ್ತದೆ.

ಆಧಾರ್ ಸಂಖ್ಯೆಯನ್ನು ಈಗಲೇ ಅಳಿಸಿ. ರೆಸ್ಯೂಮೆ ಯಾರ ಯಾರ ಕೈಗೆ ಹೋಗುತ್ತದೆಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ. ಕೆಲಸ ಕೊಡಿಸುತ್ತೇವೆಂದು ನೋಂದಣಿ ಶುಲ್ಕವನ್ನೋ ಲ್ಯಾಪ್‌ಟಾಪಿನ ಠೇವಣಿಯನ್ನೋ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಘೋಷಣೆ ಮತ್ತು ಸಹಿಯನ್ನು ಖಾಸಗಿ ಕಂಪನಿಗಳು ಕೇಳುವುದಿಲ್ಲವಾದರೂ, ಸಹಕಾರಿ ಸಂಘಗಳು ಮತ್ತು ಕೆಲವು ಹಳೆಯ ಸಂಸ್ಥೆಗಳು ಈಗಲೂ ನಿರೀಕ್ಷಿಸುತ್ತವೆ, ಅಂಥ ಕಡೆಗೆಂದು ಬೇರೊಂದು ಪ್ರತಿಯನ್ನು ಇಟ್ಟುಕೊಳ್ಳಿ.

ಉದ್ಯೋಗ ತಾಣಗಳ ಜತೆಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ತರಬೇತಿ ಯೋಜನೆಯ ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸಿ. ಅದು ಎಂಜಿನಿಯರುಗಳಿಗಷ್ಟೇ ಎಂದು ನಮ್ಮ ವಾಣಿಜ್ಯ ವಿದ್ಯಾರ್ಥಿಗಳು ತಿಳಿದಿದ್ದಾರೆ, ಆದರೆ ಬಿ.ಕಾಂ. ಪದವೀಧರರೂ ಅದರಡಿ ಸ್ಟೈಪೆಂಡ್ ಸಹಿತ ತರಬೇತಿಗೆ ಸೇರಬಹುದು.

ಉತ್ತರ 1 ಬರೆದವರಿಂದ ಮತ್ತೆ

ಹೊಸ ಸಾಲುಗಳು ಚೆನ್ನಾಗಿವೆ. ಜಿಎಸ್‌ಟಿ ದರದ ಸಾಲನ್ನು ಕೊನೆಯಿಂದ ತೆಗೆದು ಮೊದಲಿಗೆ ಹಾಕಿ. ಶೇ 28 ತೆರಿಗೆ ಕೊಟ್ಟು ಖರೀದಿಸಿದ್ದ ಹಳೆಯ ಸ್ಟಾಕನ್ನು ಶೇ 18ರಲ್ಲಿ ಮಾರಿದಾಗ ಲೆಕ್ಕದಲ್ಲಿ ಏನಾಯಿತು ಎಂದು ಕೇಳಿದರೆ ಹೇಳಲು ಸಿದ್ಧರಾಗಿರಿ, ನಾನಂತೂ ಕೇಳುತ್ತೇನೆ. ಅರ್ಜಿ ಕಳುಹಿಸುವಾಗ ಇಮೇಲ್ ಖಾಲಿ ಬಿಡದೆ, ಅದೇ ಮೂರು ಸಾಲುಗಳನ್ನು ಅಲ್ಲಿಯೂ ಬರೆಯಿರಿ. ಕೆಲವರು ಅಟ್ಯಾಚ್‌ಮೆಂಟ್ ತೆರೆಯಬೇಕೋ ಬೇಡವೋ ಎಂಬುದನ್ನು ಅಷ್ಟನ್ನು ಓದಿಯೇ ತೀರ್ಮಾನಿಸುತ್ತಾರೆ.