ಕಾಂಡಕೋಶ, ಆಕರಕೋಶ, ಮೂಲಕೋಶ: ಹೊಕ್ಕುಳಬಳ್ಳಿ ರಕ್ತದ ಕರಪತ್ರಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಗರ್ಭಿಣಿಯರಿಗಾಗಿ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಹೊಕ್ಕುಳಬಳ್ಳಿಯ ರಕ್ತದಾನ. ಇರುವುದು ನಾಲ್ಕೇ ಪುಟ. ಆದರೆ ಎರಡು ವಾರವಾದರೂ ಮೊದಲ ಪುಟ ದಾಟಿಲ್ಲ. ತಡೆದು ನಿಲ್ಲಿಸಿರುವುದು ‘ಸ್ಟೆಮ್ ಸೆಲ್’, ಅಂದರೆ ಆ ರಕ್ತದಲ್ಲಿರುವ, ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಕೋಶ. ಕನ್ನಡದಲ್ಲಿ ಇದಕ್ಕೆ ಕಾಂಡಕೋಶ, ಆಕರಕೋಶ, ಮೂಲಕೋಶ ಮೂರೂ ಬಳಕೆಯಲ್ಲಿವೆ. ನಾನು ಮೊದಲು ಕಾಂಡಕೋಶ ಅಂತಲೇ ಬರೆದಿದ್ದೆ. ಏಳು ತಿಂಗಳ ಬಸುರಿ ನನ್ನ ತಂಗಿ. ಅವಳಿಗೆ ಓದಲು ಕೊಟ್ಟೆ. ಎರಡನೇ ಸಾಲಿಗೇ ನಿಂತಳು. "ಅಕ್ಕಾ, ಕಾಂಡ ಅಂದ್ರೆ ಗಿಡದ್ದಲ್ವಾ? ಇದೇನು ಗಿಡದಿಂದ ಮಾಡಿದ ಔಷಧಾನಾ?" ಅಂದಳು.

ಅವಳ ಪ್ರಶ್ನೆ ಸರಿಯಾಗಿಯೇ ಇದೆ. ಕಾಂಡ ಅಂದಾಗ ನಮಗೆ ಗಿಡದ ಕಾಂಡ ನೆನಪಾಗುತ್ತದೆ, ಇಲ್ಲವೇ ರಾಮಾಯಣದ ಕಾಂಡ. ರಕ್ತದ ಪಕ್ಕದಲ್ಲಿ ಆ ಪದ ಇಟ್ಟರೆ ಹತ್ಯಾಕಾಂಡವೂ ನೆನಪಾಗಬಹುದು. ಹೆರಿಗೆಗೆ ಕಾಯುತ್ತಿರುವವಳ ಕೈಗೆ ಕೊಡುವ ಕಾಗದದಲ್ಲಿ ಅದು ಬೇಡ.

ಪದದ ಹುಟ್ಟನ್ನು ಹುಡುಕುತ್ತಾ ಹೋದೆ. ಅದು ಜರ್ಮನ್ ಭಾಷೆಯಲ್ಲಿ ಸಿಕ್ಕಿತು. 1868ರಲ್ಲಿ ಜರ್ಮನಿಯ ಜೀವವಿಜ್ಞಾನಿ ಎರ್ನ್ಸ್ಟ್ ಹೆಕೆಲ್ ‘ಷ್ಟಾಮ್‌ಟ್ಸೆಲ್ಲೆ’ ಅನ್ನುವ ಪದ ಬಳಸಿದರು. ಬಹುಕೋಶದ ಜೀವಿಗಳೆಲ್ಲ ಯಾವ ಒಂಟಿಕೋಶದ ಜೀವಿಯಿಂದ ಬಂದವೋ ಅದಕ್ಕೆ ಅವರು ಇಟ್ಟ ಹೆಸರು ಅದು. ‘ಷ್ಟಾಮ್’ ಅಂದರೆ ಮರದ ಬೊಡ್ಡೆ. ಕುಲ ಅನ್ನುವ ಅರ್ಥವೂ ಅದಕ್ಕಿದೆ. ನಾವು ವಂಶವೃಕ್ಷ ಅನ್ನುವುದನ್ನು ಅವರು ‘ಷ್ಟಾಮ್‌ಬೌಮ್’ ಅನ್ನುತ್ತಾರೆ. ಅಂದರೆ ಪದ ಹುಟ್ಟಿದ್ದು ವಂಶದ ಮಾತಿನಿಂದ. ಇಂಗ್ಲಿಷಿಗೆ ಬಂದಾಗ ಅದು ‘ಸ್ಟೆಮ್’ ಆಯಿತು. ಕನ್ನಡಕ್ಕೆ ಇಳಿದಾಗ ಬರೀ ಕಾಂಡ ಉಳಿಯಿತು, ವಂಶ ದಾರಿಯಲ್ಲೇ ಕಳೆದುಹೋಯಿತು.

ನೆರೆಭಾಷೆಗಳವರು ಏನು ಮಾಡಿದ್ದಾರೆ ಅಂತಲೂ ನೋಡಿದೆ. ತಮಿಳಿನಲ್ಲಿ ‘ಕುರುತ್ತಣು’. ಕುರುತ್ತು ಅಂದರೆ ಎಳೆ ಸುಳಿ. ಮಲಯಾಳದಲ್ಲಿ ‘ವಿತ್ತುಕೋಶಂ’, ನಮ್ಮ ಬಿತ್ತವೇ ಅದು. ತೆಲುಗಿನಲ್ಲಿ ‘ಮೂಲಕಣಂ’. ತಮಿಳಿನ ಪದ ನೋಡಿ ನನಗೆ ಬಹಳ ಖುಷಿಯಾಯಿತು. ಯಾಕೆಂದರೆ ಗಿಡಗಳಲ್ಲೂ ಇಂಥ ಕೋಶಗಳಿವೆ, ಅವು ಇರುವ ಜಾಗಗಳಲ್ಲಿ ಕುಡಿಯ ತುದಿಯೂ ಒಂದು. ಹೊಸ ಎಲೆ, ಹೊಸ ಹೂವು ಎಲ್ಲ ಅಲ್ಲಿಂದಲೇ ಬರುವುದು. ಕನ್ನಡದ ‘ಕುಡಿ’ಗೂ ಎರಡು ಅರ್ಥ ಇದೆ ಅಲ್ವಾ? ಬಳ್ಳಿಯ ಕುಡಿ ಒಂದು, ವಂಶದ ಕುಡಿ ಇನ್ನೊಂದು. ಷ್ಟಾಮ್ ಪದದ ಎರಡು ಮುಖಗಳೂ ಇಲ್ಲಿ ಸಿಗುತ್ತವೆ. ‘ಕುಡಿಕೋಶ’ ಅಂತ ಬರೆದು ನೋಡಿದೆ. ಓದಲು ಚೆನ್ನಾಗಿದೆ. ಆದರೆ ಬಾಯಲ್ಲಿ ಹೇಳಿದಾಗ ‘ಕುಡಿ’ ಅನ್ನುವ ಕ್ರಿಯಾಪದವೇ ಮೊದಲು ಕೇಳುತ್ತದೆ. ಮನಸ್ಸಿಲ್ಲದೆ ಕೈಬಿಟ್ಟೆ. ಯಾರಾದರೂ ಉಳಿಸಿಕೊಳ್ಳುವ ದಾರಿ ತೋರಿಸಿದರೆ ಮತ್ತೆ ಎತ್ತಿಕೊಳ್ಳುತ್ತೇನೆ.

ಉಳಿದದ್ದು ಆಕರ ಮತ್ತು ಮೂಲ. ಆಕರ ಅಂದರೆ ಗಣಿ. ಗಣಿ ಅಗೆದಷ್ಟೂ ಖಾಲಿಯಾಗುತ್ತದೆ. ಈ ಕೋಶದ ಗುಣ ಅದಕ್ಕೆ ತದ್ವಿರುದ್ಧ. ಬೇರೆ ಬಗೆಯ ಕೋಶಗಳನ್ನು ಕೊಡುತ್ತಲೇ ತನ್ನಂಥದ್ದನ್ನೂ ಹುಟ್ಟಿಸಿಕೊಳ್ಳುತ್ತದೆ. 1961ರಲ್ಲಿ ಕೆನಡಾದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಈ ಗುಣ ಗೊತ್ತಾಗುತ್ತಾ ಬಂತು. ಮೂಳೆಮಜ್ಜೆಯ ಕೋಶಗಳನ್ನು ಸೂಜಿಯಿಂದ ಒಳಬಿಟ್ಟಾಗ ಇಲಿಯ ಗುಲ್ಮದಲ್ಲಿ (ಸ್ಪ್ಲೀನ್) ಸಣ್ಣ ಗಂಟುಗಳೆದ್ದವು. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನ ಅನ್ನುವುದು ಆಮೇಲೆ ತಿಳಿಯಿತು. ಹಾಗಾಗಿ ಗಣಿಗಿಂತ ಮೂಲವೇ ವಾಸಿ ಅನಿಸುತ್ತದೆ. ನದಿಮೂಲ ಅನ್ನುತ್ತೇವಲ್ಲ, ಹರಿದಷ್ಟೂ ಬತ್ತದ್ದು. ಅದರಲ್ಲಿ ಒಂದೇ ತೊಡಕು. ಮೂಲಕೋಶ ಅಂದಾಗ ‘ಮೊಟ್ಟಮೊದಲ ಕೋಶ’ ಅಂದುಕೊಳ್ಳುವವರಿದ್ದಾರೆ. ಮಗು ಶುರುವಾದ ಕೋಶವನ್ನೇ ಕಿತ್ತು ಕೊಡುತ್ತಾರೇನೋ ಅನ್ನುವ ಭಯ ಅದರಿಂದ ಹುಟ್ಟುತ್ತದೆ. ಕಣ ಅನ್ನೋಣ ಅಂದರೆ ‘ಮೂಲಕಣ’ವನ್ನು ಭೌತಶಾಸ್ತ್ರದವರು ಆಗಲೇ ಬಳಸುತ್ತಿದ್ದಾರೆ.

ನನ್ನ ಈಗಿನ ಒಲವು ಹೀಗಿದೆ. ಮೊದಲ ಸಲ ಬಂದಾಗ ‘ಸ್ಟೆಮ್ ಸೆಲ್ ಅಥವಾ ಮೂಲಕೋಶ’ ಅಂತ ಬರೆಯುವುದು. ಆಸ್ಪತ್ರೆಯಲ್ಲಿ ಗರ್ಭಿಣಿಯ ಕಿವಿಗೆ ಬೀಳುವುದು ಸ್ಟೆಮ್ ಸೆಲ್ ಅನ್ನುವ ಮಾತೇ. ಅದನ್ನು ಬಚ್ಚಿಟ್ಟರೆ ನಾವು ಅವಳಿಗೆ ಸಹಾಯ ಮಾಡಿದ ಹಾಗಾಗುವುದಿಲ್ಲ.

ಇನ್ನು ಬಳ್ಳಿ. ನನ್ನ ಕೈಯಲ್ಲಿರುವ ಹಳೆಯ ಕರಡಿನಲ್ಲಿ ‘ಕರುಳಬಳ್ಳಿ’ ಅಂತ ಇದೆ. ಪದವೇನೋ ತುಂಬಾ ಚಂದ. ಆದರೆ ಅದರ ಭಾರ ಜಾಸ್ತಿ. ಕರುಳಬಳ್ಳಿ ಅಂದ ಕೂಡಲೇ ತಾಯಿ ಮಗುವಿನ ನಂಟು ಕಣ್ಣಮುಂದೆ ಬರುತ್ತದೆ. "ನಿಮ್ಮ ಕರುಳಬಳ್ಳಿಯನ್ನು ದಾನ ಮಾಡಿ" ಅಂದರೆ ಆ ನಂಟನ್ನೇ ಕೊಟ್ಟುಬಿಡಿ ಅಂದ ಹಾಗೆ ಕೇಳುತ್ತದೆ. ಕರುಳಿಗೂ ಇದಕ್ಕೂ ದೇಹದ ಲೆಕ್ಕದಲ್ಲಿ ಸಂಬಂಧವೂ ಇಲ್ಲ. ಹೊಕ್ಕುಳಬಳ್ಳಿಯೇ ಸರಿ. ಮಲಯಾಳದ ‘ಪೊಕ್ಕಿಳ್‌ಕ್ಕೊಡಿ’ಯಲ್ಲೂ ತಮಿಳಿನ ‘ತೊಪ್ಪುಳ್ ಕೊಡಿ’ಯಲ್ಲೂ ಬಳ್ಳಿಯೇ ಇದೆ. ತೆಲುಗಿನವರು ಮಾತ್ರ ‘ಬೊಡ್ಡುತಾಡು’ ಅಂದು ಹಗ್ಗ ಮಾಡಿಕೊಂಡಿದ್ದಾರೆ.

‘ಹೊಕ್ಕುಳಬಳ್ಳಿಯ ಮೂಲಕೋಶ’ ಅಂತ ಬರೆದರೂ ಒಂದು ಗೊಂದಲ ಉಳಿಯುತ್ತದೆ. ಬಳ್ಳಿಯೊಳಗಿನ ರಕ್ತದಲ್ಲಿ ಹೆಚ್ಚಾಗಿ ಇರುವುದು ರಕ್ತವನ್ನು ಹುಟ್ಟಿಸುವ ಮೂಲಕೋಶ. ಕೆಂಪು ರಕ್ತಕಣ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಮೂರೂ ಅದರಿಂದ ಬರುತ್ತವೆ. ಬಳ್ಳಿಯ ರಕ್ತನಾಳಗಳ ಸುತ್ತ ಲೋಳೆಯಂಥ ಭಾಗ ಇದೆ, ವಾರ್ಟನ್ಸ್ ಜೆಲ್ಲಿ ಅನ್ನುತ್ತಾರೆ. ಅದರಲ್ಲಿರುವುದು ಬೇರೆ ಜಾತಿ, ಮೆಸೆಂಕೈಮಲ್ ಕೋಶ. ಅದು ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶಗಳಾಗಬಲ್ಲದು, ರಕ್ತ ಆಗುವುದಿಲ್ಲ. ಆದ್ದರಿಂದ ‘ಬಳ್ಳಿಯ ರಕ್ತ’ ಅನ್ನುವಾಗ ‘ರಕ್ತ’ ಬಿಡಲೇಬಾರದು.

ತಂಗಿ ಕೇಳಿದ ಇನ್ನೊಂದು ಪ್ರಶ್ನೆ: "ಹಾಗಾದ್ರೆ ಮಗುವಿನ ಮೈಯಿಂದ ರಕ್ತ ತೆಗೀತಾರಾ?" ಇದಕ್ಕೂ ನನ್ನ ವಾಕ್ಯವೇ ಕಾರಣ. ‘ನವಜಾತ ಶಿಶುವಿನ ರಕ್ತ ಸಂಗ್ರಹ’ ಅಂತ ಬರೆದಿದ್ದೆ. ಈಗ ಹೀಗೆ ತಿದ್ದಿದ್ದೇನೆ: "ಮಗು ಹುಟ್ಟಿ, ಬಳ್ಳಿಗೆ ಕ್ಲಿಪ್ ಹಾಕಿ ಕತ್ತರಿಸಿದ ಮೇಲೆ, ಬಳ್ಳಿ ಮತ್ತು ಮಾಸಿನಲ್ಲಿ ಉಳಿದ ರಕ್ತವನ್ನು ತೆಗೆದುಕೊಳ್ಳುತ್ತಾರೆ. ಈ ರಕ್ತ ತೆಗೆಯಲು ತಾಯಿಗಾಗಲಿ ಮಗುವಿಗಾಗಲಿ ಸೂಜಿ ಚುಚ್ಚುವುದಿಲ್ಲ." ‘ಉಳಿದ’ ಅನ್ನುವ ಪದ ನನಗೆ ಮುಖ್ಯ. ಹುಟ್ಟಿದ ಮೇಲೆ ಕನಿಷ್ಠ 1 ನಿಮಿಷವಾದರೂ ಕಾದು ಕ್ಲಿಪ್ ಹಾಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹೊತ್ತಿನಲ್ಲಿ ಹರಿಯುವ ರಕ್ತ ಮಗುವಿನ ಪಾಲು. ಹೆಚ್ಚು ರಕ್ತ ಸಿಗಲಿ ಅಂತ ಅವಸರ ಮಾಡುವ ಹಾಗಿಲ್ಲ. ಪ್ಲಾಸೆಂಟಾಕ್ಕೆ ‘ಜರಾಯು’ ಅಂತ ಬರೆದರೆ ಯಾರಿಗೂ ತಿಳಿಯದು, ಮಾಸು ಸಾಕು.

ನನಗೆ ಎಲ್ಲಕ್ಕಿಂತ ಕಳವಳ ತಂದಿರುವುದು ‘ದಾನ’ ಮತ್ತು ‘ಸಂಗ್ರಹ’. ಮೂಲ ಕರಪತ್ರದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬಳ್ಳಿಯ ರಕ್ತವನ್ನು ಕೂಡಿಡುವ ಸಾರ್ವಜನಿಕ ಬ್ಯಾಂಕಿಗೆ ಕೊಟ್ಟರೆ ಅದು ದಾನ. ಹೊಂದಿಕೆಯಾಗುವ ಯಾವ ರೋಗಿಗಾದರೂ ಅದು ಹೋಗಬಹುದು, ಕೊಟ್ಟವರು ಹಣ ಕಟ್ಟುವುದಿಲ್ಲ. ಖಾಸಗಿ ಬ್ಯಾಂಕಿನಲ್ಲಿ ಶುಲ್ಕ ಕಟ್ಟಿ ಸ್ವಂತಕ್ಕೆ ಇಟ್ಟುಕೊಂಡರೆ ಅದು ದಾನವಲ್ಲ. ನಾನು ಓದಿದ ಕನ್ನಡ ಬರಹಗಳಲ್ಲಿ ಎರಡನ್ನೂ ‘ಸಂರಕ್ಷಣೆ’ ಅಂದುಬಿಟ್ಟಿದ್ದಾರೆ. ಓದಿದವಳಿಗೆ ತಾನು ಕೊಡುತ್ತಿದ್ದೇನೋ ಇಟ್ಟುಕೊಳ್ಳುತ್ತಿದ್ದೇನೋ ಗೊತ್ತಾಗುವುದಿಲ್ಲ. ಇಟ್ಟುಕೊಂಡದ್ದು ಆ ಮಗುವಿಗೇ ಸದಾ ಉಪಯೋಗಕ್ಕೆ ಬರುತ್ತದೆ ಅಂತಲೂ ಇಲ್ಲ. ತಲಸ್ಸೇಮಿಯಾದಂಥ ಹುಟ್ಟಿನಿಂದ ಬರುವ ಕಾಯಿಲೆಯಿದ್ದರೆ ಅದೇ ದೋಷ ಬಳ್ಳಿಯ ರಕ್ತದ ಕೋಶಗಳಲ್ಲೂ ಇರುತ್ತದೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲಕ್‌ಮನ್ ಅವರ ತಂಡ ಮೊದಲ ಸಲ ಬಳ್ಳಿಯ ರಕ್ತ ಕೊಟ್ಟಿದ್ದು ಫಾಂಕೋನಿ ರಕ್ತಹೀನತೆ ಅನ್ನುವ ಹುಟ್ಟಿನಿಂದಲೇ ಬರುವ ಕಾಯಿಲೆಯ ಒಬ್ಬ ಪುಟ್ಟ ಹುಡುಗನಿಗೆ. ಅದು ಅವನದ್ದಾಗಿರಲಿಲ್ಲ, ಅವನ ತಂಗಿ ಹುಟ್ಟಿದಾಗ ತೆಗೆದಿಟ್ಟದ್ದು.

ದಾನಕ್ಕೆ ‘ಕೊಡುವುದು’, ಖಾಸಗಿಗೆ ‘ಸ್ವಂತಕ್ಕೆ ಇಡಿಸುವುದು’ ಅಂತ ಬರೆದಿದ್ದೇನೆ. ‘ಠೇವಣಿ’ ಅನ್ನಬಹುದೇ ಅಂತ ಒಬ್ಬರು ಕೇಳಿದರು. ಠೇವಣಿ ಅಂದರೆ ಬಡ್ಡಿ ಬೆಳೆಯುವ ಹಣ ಅನ್ನುವ ಭಾವನೆ ಇದೆ. ಇದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ತಣ್ಣಗೆ ಕೂತಿರುವ ಒಂದು ಸಣ್ಣ ಚೀಲ, ಬೆಳೆಯುವುದಿಲ್ಲ. ಒಂದು ಚೀಲದಲ್ಲಿ ಸಿಗುವ ಕೋಶಗಳು ದೊಡ್ಡ ಆಳಿಗೆ ಎಷ್ಟೋ ಸಲ ಸಾಲುವುದೂ ಇಲ್ಲ.

ಬಗೆಗಳ ಪುಟದಲ್ಲಿ ಇನ್ನೊಂದು ಗಂಟು. ಒಂದು ಕೋಶ ಎಷ್ಟು ಬಗೆಯ ಕೋಶಗಳಾಗಬಲ್ಲದು ಅನ್ನುವುದಕ್ಕೆ ಟೋಟಿಪೊಟೆಂಟ್, ಪ್ಲುರಿಪೊಟೆಂಟ್, ಮಲ್ಟಿಪೊಟೆಂಟ್ ಅನ್ನುವ ಮೂರು ಮೆಟ್ಟಿಲುಗಳಿವೆ. ಮೊದಲನೆಯದಕ್ಕೆ ‘ಸರ್ವಶಕ್ತ’ ಅಂದರೆ ದೇವರ ನೆನಪಾಗುತ್ತದೆ. ಉಳಿದೆರಡಕ್ಕೂ ‘ಬಹುಶಕ್ತ’ವೇ ಬರುತ್ತದೆ. ಆದರೆ ಅವೆರಡರ ನಡುವಿನ ಅಂತರ ದೊಡ್ಡದು. ಮೊದಲ ಮೆಟ್ಟಿಲಿನ ಫಲಗೊಂಡ ಅಂಡ ಮಗುವೂ ಆಗಬಲ್ಲದು, ಮಾಸೂ ಆಗಬಲ್ಲದು. ಎರಡನೇ ಮೆಟ್ಟಿಲಿನದು, 1998ರಲ್ಲಿ ಜೇಮ್ಸ್ ಥಾಮ್ಸನ್ ಬೆಳೆಸಿದ ಮಾನವ ಭ್ರೂಣದ ಮೂಲಕೋಶ, ದೇಹದ ಯಾವ ಬಗೆಯ ಕೋಶವಾದರೂ ಆಗಬಲ್ಲದು. ಬಳ್ಳಿಯ ರಕ್ತದ್ದು ಮೂರನೇ ಮೆಟ್ಟಿಲು, ರಕ್ತದ ಮನೆತನದೊಳಗೇ ಅದರ ಓಡಾಟ. 2006ರಲ್ಲಿ ಶಿನ್ಯಾ ಯಮನಾಕ ಇಲಿಯ ಬೆಳೆದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಎರಡನೇ ಮೆಟ್ಟಿಲಿಗೆ ತಂದರು. ಅದನ್ನು ‘ಮರಳಿಸಿದ ಕೋಶ’ ಅನ್ನಬಹುದೇ? ಭ್ರೂಣದ ಕೋಶವನ್ನೂ ಬಳ್ಳಿಯ ಕೋಶವನ್ನೂ ಒಂದೇ ಹೆಸರಿನಿಂದ ಕರೆದರೆ, ಬಳ್ಳಿಯ ರಕ್ತ ಕೊಡಲು ಭ್ರೂಣ ಹಾಳಾಗಬೇಕು ಅಂತ ಸುಮ್ನೆ ಹೆದರುವವರು ಇರುತ್ತಾರೆ. ಹಾಗಾಗಿ ಇಲ್ಲಿ ನಿಮ್ಮ ಸಹಾಯ ಬೇಕೇ ಬೇಕು.

ಒಂದು ಪದ ಮಾತ್ರ ತಾನಾಗಿ ಒದಗಿ ಬಂತು, ‘ಕಸಿ’. ರೋಗಿಯ ರಕ್ತನಾಳಕ್ಕೆ ಡ್ರಿಪ್‌ನಂತೆ ಹೋದ ಕೋಶಗಳು ಮಜ್ಜೆ ಸೇರಿ ಹೊಸ ರಕ್ತ ಕೊಡಲು ಶುರು ಮಾಡುವುದಕ್ಕೆ ‘ಕಸಿ ಹಿಡಿಯಿತು’ ಅಂತ ಬರೆದೆ. ತಂಗಿ ಏನೂ ಕೇಳದೆ ಮುಂದಕ್ಕೆ ಓದಿದಳು.

ನನಗೆ ಬೇಕಾದ ಉತ್ತರ ಮೂರು. ಮೂಲಕೋಶಕ್ಕಿಂತ ಹಗುರವಾದ ಪದ ನಿಮ್ಮಲ್ಲಿದೆಯೇ? ‘ಬಹುಶಕ್ತ’ ಎರಡು ಸಲ ಬರದ ಹಾಗೆ ಆ ಮೂರು ಮೆಟ್ಟಿಲುಗಳಿಗೆ ಏನೆನ್ನಬಹುದು? ‘ಸ್ವಂತಕ್ಕೆ ಇಡಿಸುವುದು’ ಅನ್ನುವುದು ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದೆಯೇ? ಮನೆಯಲ್ಲಿ ಗರ್ಭಿಣಿಯರಿದ್ದರೆ ಮೇಲಿನ ವಾಕ್ಯಗಳನ್ನು ಅವರಿಗೆ ಓದಿ ಹೇಳಿ. ಎಲ್ಲಿ ತಡೆದರು ಅಂತ ನನಗೆ ಬರೆಯಿರಿ.